ಕಾದಂಬರಿಯ ಕಣ್ಣು: ವಾಸ್ತವ ಕಥನದಲ್ಲಿ ಪ್ರಮಾಣವಿಚಾರ

ಭೀಮಾತೀರದ ಕರಿನೆಲದಲ್ಲಿ ಕಾಯಿಗಟ್ಟಿ ನಿಂತ ತೊಗರಿಯ ಹೊಲವೊಂದನ್ನು ಮೂವರು ನೋಡುತ್ತಿದ್ದಾರೆಂದು ಭಾವಿಸೋಣ. ಹೊಲದ ಒಡೆಯನ ಕಣ್ಣು ಮೊದಲು ಕಾಯಿಕೊರಕ ಹುಳುವನ್ನು ಹುಡುಕುತ್ತದೆ. ಅಡತಿ ವ್ಯಾಪಾರಿಯ ಕಣ್ಣು ಎಷ್ಟು ಚೀಲವಾದೀತೆಂದು ಎಣಿಸುತ್ತದೆ. ಕೂಲಿಗೆ ಬಂದ ಹೆಣ್ಣುಮಗಳ ಕಣ್ಣು ಸಾಲಿನ ಉದ್ದವನ್ನೂ ಇಳಿಯುತ್ತಿರುವ ಹೊತ್ತನ್ನೂ ಅಳೆಯುತ್ತದೆ. ಹೊಲ ಒಂದೇ, ನೋಟ ಮೂರು. ಅವುಗಳಲ್ಲಿ ಯಾವುದೂ ಸುಳ್ಳಲ್ಲ; ಯಾವುದೂ ಪೂರ್ಣವೂ ಅಲ್ಲ. ಈ ಹೊಲವನ್ನು ಕಥೆಯೊಳಗೆ ತರಬೇಕಾದ ಲೇಖಕನು ಯಾರ ಕಣ್ಣಿನಿಂದ ನೋಡಬೇಕು? ನೋಡಿದ್ದನ್ನು ಯಾವ ಅಧಿಕಾರದಿಂದ ಹೇಳಬೇಕು? ವಾಸ್ತವ ಕಾದಂಬರಿಯ ನಿರೂಪಣಾತಂತ್ರವೆಂದು ವಿಮರ್ಶಕರು ಕರೆಯುವ ವಿಷಯದ ಮೂಲವೆಲ್ಲ ಈ ಎರಡು ಪ್ರಶ್ನೆಗಳಲ್ಲಿದೆ.

ವಾಸ್ತವತೆಯೆಂದರೆ ಇದ್ದುದನ್ನು ಇದ್ದಂತೆ ಬಣ್ಣಿಸುವುದೆಂದು ಸಾಮಾನ್ಯವಾಗಿ ಹೇಳುವುದುಂಟು. ಗುಡಿಸಲು, ರೊಟ್ಟಿ, ಸಾಲ, ಜಗಳ ಇವೆಲ್ಲ ಪುಸ್ತಕದಲ್ಲಿ ಬಂದರೆ ಅದು ವಾಸ್ತವ ಕಾದಂಬರಿಯೆಂದು ವಿದ್ಯಾರ್ಥಿಗಳು ಉತ್ತರ ಬರೆಯುತ್ತಾರೆ. ಈ ಉತ್ತರ ತಪ್ಪಲ್ಲ, ಆದರೆ ಅರ್ಧ ಮಾತ್ರ. ವಸ್ತುಗಳ ಪಟ್ಟಿ ಎಷ್ಟೇ ಉದ್ದವಾಗಿದ್ದರೂ ಅದನ್ನು ಹೇಳುವವನಿಗೆ ಆ ವಿಷಯ ಹೇಗೆ ತಿಳಿಯಿತೆಂಬ ಲೆಕ್ಕ ಸರಿಯಿಲ್ಲದಿದ್ದರೆ ಕಥನ ನಂಬಿಕೆಗೆ ಪಾತ್ರವಾಗದು. ಕಂಡದ್ದನ್ನು ಕಂಡದ್ದೆಂದೂ, ಊಹಿಸಿದ್ದನ್ನು ಊಹೆಯೆಂದೂ, ಕೇಳಿದ್ದನ್ನು ಕೇಳಿದ್ದೆಂದೂ ಬೇರ್ಪಡಿಸಿ ಹೇಳುವ ಪ್ರಾಮಾಣಿಕತೆಯೇ ವಾಸ್ತವ ಕಥನದ ಜೀವಾಳ.

ಮೂರು ಪ್ರಮಾಣಗಳು

ಭಾರತೀಯ ದರ್ಶನಕಾರರು ತತ್ತ್ವವನ್ನು ಹೇಳುವ ಮುನ್ನ ಪ್ರಮಾಣವನ್ನು ಕುರಿತು ವಿಚಾರ ಮಾಡಿದರು. ತಿಳಿವಳಿಕೆಯನ್ನು ತಂದುಕೊಡುವ ಸಾಧನವೇ ಪ್ರಮಾಣ. ಇಂದ್ರಿಯಗಳಿಂದ ನೇರವಾಗಿ ಬರುವುದು ಪ್ರತ್ಯಕ್ಷ. ದೂರದ ಬೆಟ್ಟದಲ್ಲಿ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿದೆಯೆಂದು ನಿಶ್ಚಯಿಸುವುದು ಅನುಮಾನ. ನಂಬತಕ್ಕ ವ್ಯಕ್ತಿಯ ಮಾತಿನಿಂದ ತಿಳಿಯುವುದು ಶಬ್ದ. ನೈಯಾಯಿಕರು ಉಪಮಾನವನ್ನೂ ಸೇರಿಸಿದರು. ಚಾರ್ವಾಕರು ಪ್ರತ್ಯಕ್ಷವೊಂದನ್ನೇ ಒಪ್ಪಿದರು. ಕಾದಂಬರಿಯ ವಿಚಾರಕ್ಕೆ ಈ ಮೂರು ಸಾಕು.

ಪ್ರಮಾಣಗಳನ್ನು ಹೇಳಿದಂತೆಯೇ ಅವುಗಳ ದೋಷಗಳನ್ನೂ ಶಾಸ್ತ್ರಕಾರರು ಹೇಳಿದ್ದಾರೆ. ಮುಸ್ಸಂಜೆಯಲ್ಲಿ ಬಿದ್ದ ಹಗ್ಗ ಹಾವಾಗಿ ತೋರುವುದು ಪ್ರತ್ಯಕ್ಷದ ಭ್ರಮೆ. ಧೂಳನ್ನೋ ಮಂಜನ್ನೋ ಹೊಗೆಯೆಂದು ಬಗೆದು ಬೆಂಕಿಯನ್ನು ಊಹಿಸಿದರೆ ಅದು ಸರಿಯಾದ ಅನುಮಾನವಲ್ಲ. ಹೇಳುವವನು ಆಪ್ತನಲ್ಲದಿದ್ದರೆ ಶಬ್ದವೂ ಪ್ರಮಾಣವಾಗದು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಾದಂಬರಿಕಾರರು ಕೈಗೊಂಡ ಹೊಸ ತಂತ್ರಗಳನ್ನು ಈ ದೋಷವಿಚಾರದ ಬೆಳಕಿನಲ್ಲಿ ನೋಡಿದರೆ ಅವು ವಿಲಕ್ಷಣವಾಗಿ ತೋರುವುದಿಲ್ಲ.

ಹಿಂದಿನ ಕಥನದ ಬಗೆ

ಕಥೆಯನ್ನು ಯಾರು ಹೇಳುತ್ತಿದ್ದಾರೆಂಬ ಎಚ್ಚರ ಕನ್ನಡಕ್ಕೆ ಹೊಸದಲ್ಲ. ಕಾದಂಬರಿಯೆಂಬ ಹೆಸರೇ ಬಾಣಭಟ್ಟನ ಕೃತಿಯಿಂದ ಬಂದುದು. ಅದನ್ನು ಒಂದನೆಯ ನಾಗವರ್ಮನು ‘ಕರ್ಣಾಟಕ ಕಾದಂಬರಿ’ಯಾಗಿ ಕನ್ನಡಕ್ಕೆ ತಂದನು. ಅಲ್ಲಿ ಗಿಳಿಯೊಂದು ಶೂದ್ರಕ ರಾಜನಿಗೆ ಕಥೆ ಹೇಳುತ್ತದೆ. ಆ ಗಿಳಿಯಾದರೋ ಜಾಬಾಲಿ ಮುನಿಯಿಂದ ಕೇಳಿದ್ದನ್ನು ಹೇಳುತ್ತದೆ. ಹೀಗೆ ಶಬ್ದದೊಳಗೆ ಶಬ್ದ ಅಡಗಿದೆ. ಹದಿಮೂರನೆಯ ಶತಮಾನದ ಆದಿಯಲ್ಲಿ ಜನ್ನನು ರಚಿಸಿದ ‘ಯಶೋಧರ ಚರಿತೆ’ಯಲ್ಲಿ ಬಲಿಗೆಂದು ತಂದ ಅಭಯರುಚಿಯೇ ತನ್ನ ಜನ್ಮಾಂತರಗಳ ಅನುಭವವನ್ನು ಮಾರಿದತ್ತನ ಮುಂದೆ ನಿವೇದಿಸುತ್ತಾನೆ. ನೋವುಂಡವನೇ ಹೇಳಿದ್ದರಿಂದ ಆ ಮಾತು ಕತ್ತಿ ಹಿಡಿದ ಅರಸನ ಮನಸ್ಸನ್ನು ತಿರುಗಿಸಿತು.

ಆದರೆ ಹೊಸಗನ್ನಡದ ಆರಂಭದ ಸಾಮಾಜಿಕ ಕಾದಂಬರಿಗಳ ನಿರೂಪಕನು ಬಹುಮಟ್ಟಿಗೆ ಸರ್ವಜ್ಞನು. 1899ರಲ್ಲಿ ಪ್ರಕಟವಾದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯಲ್ಲಿ ಹೇಳುವವನಿಗೆ ಎಲ್ಲರ ಮನೆಯ ಒಳಗೂ ಎಲ್ಲರ ಮನಸ್ಸಿನ ಒಳಗೂ ಪ್ರವೇಶವುಂಟು, ಒಳಿತು ಕೆಡುಕುಗಳ ತೀರ್ಪನ್ನೂ ಅವನೇ ಕೊಡುತ್ತಾನೆ. ಸಮಾಜಸುಧಾರಣೆಯ ಗುರಿಯಿದ್ದ ಕಾಲಕ್ಕೆ ಇದು ಉಚಿತವೇ ಆಗಿತ್ತು. ಹೇಳುವವನಿಗೂ ಕೇಳುವವನಿಗೂ ನಡುವೆ ನಂಬಿಕೆಯಿದ್ದಾಗ ಪ್ರಮಾಣವನ್ನು ಯಾರೂ ಕೇಳುವುದಿಲ್ಲ. ಆ ನಂಬಿಕೆ ಮುರಿದಾಗ ಏನಾಗುತ್ತದೆ ಎಂಬುದಕ್ಕೆ ಎರಡನೆಯ ಮಹಾಯುದ್ಧದ ಅನಂತರದ ಜರ್ಮನಿ ನಿದರ್ಶನವಾಗಿದೆ.

ಜರ್ಮನಿಯ ನಿದರ್ಶನ

1933ರಿಂದ 1945ರವರೆಗೆ ಹನ್ನೆರಡು ವರ್ಷ ಜರ್ಮನಿಯಲ್ಲಿ ಪತ್ರಿಕೆ, ಆಕಾಶವಾಣಿ, ಪಾಠಶಾಲೆ ಎಲ್ಲವೂ ಆಳುವ ಪಕ್ಷದ ಒಂದೇ ಧ್ವನಿಯಲ್ಲಿ ಮಾತನಾಡಿದವು. ನೆರೆಮನೆಯ ಯಹೂದ್ಯರು ಕಾಣೆಯಾದಾಗ ಕಂಡವರು ಕಾಣದವರಂತೆ ಇದ್ದರು. ಯುದ್ಧ ಮುಗಿದ ಮೇಲೆ, ತಮಗೇನೂ ತಿಳಿದಿರಲಿಲ್ಲವೆಂಬ ಮಾತು ಅನೇಕರ ಬಾಯಲ್ಲಿ ಬಂತು. ಇಂಥ ನಾಡಿನಲ್ಲಿ, ಎಲ್ಲವನ್ನೂ ಬಲ್ಲೆನೆಂಬ ಗಂಭೀರ ಧ್ವನಿಯಿಂದ ಕಥೆ ಹೇಳುವುದು ಕಷ್ಟವಾಯಿತು. ಯಾರು ಏನನ್ನು ಕಂಡರು, ಯಾವುದನ್ನು ಕಂಡೂ ಕಾಣಲಿಲ್ಲವೆಂದರು ಎಂಬುದೇ ಧರ್ಮಜಿಜ್ಞಾಸೆಯಾಯಿತು. 1947ರಲ್ಲಿ ಹಾನ್ಸ್ ವೆರ್ನರ್ ರಿಕ್ಟರ್ ಒಟ್ಟುಗೂಡಿಸಿದ ಲೇಖಕರ ಬಳಗವು ‘ಗುಂಪು 47’ ಎಂದು ಹೆಸರಾಯಿತು. ಆ ಕಾಲದ ಮೂರು ಕಾದಂಬರಿಗಳನ್ನು ಮೂರು ಪ್ರಮಾಣಗಳಿಗೆ ಉದಾಹರಣೆಯಾಗಿ ಇಟ್ಟುಕೊಳ್ಳಬಹುದು.

ಸೀಗ್‌ಫ್ರೀಡ್ ಲೆಂಟ್ಸ್‌ನ ‘ಜರ್ಮನ್ ಪಾಠ’ (1968) ಪ್ರತ್ಯಕ್ಷದ ಕಥೆ. ಬಾಲಾಪರಾಧಿಗಳ ಶಾಲೆಯಲ್ಲಿರುವ ಸಿಗ್ಗಿ ಎಂಬ ಹುಡುಗನಿಗೆ ‘ಕರ್ತವ್ಯದ ಆನಂದಗಳು’ ಎಂಬ ವಿಷಯದ ಮೇಲೆ ಪ್ರಬಂಧ ಬರೆಯಲು ಹೇಳುತ್ತಾರೆ. ಅವನು ಖಾಲಿ ಪುಸ್ತಕವನ್ನು ಒಪ್ಪಿಸುತ್ತಾನೆ. ಹೇಳಲು ಏನೂ ಇಲ್ಲದೆ ಅಲ್ಲ. ಹೇಳಬೇಕಾದುದು ಮಿತಿಮೀರಿ ಇದ್ದುದರಿಂದ. ಶಿಕ್ಷೆಯಾಗಿ ಕೋಣೆಯಲ್ಲಿ ಕೂಡಿಹಾಕಿದಾಗ ಅವನು ತಿಂಗಳುಗಟ್ಟಲೆ ಬರೆಯುತ್ತಾನೆ. ಅವನ ತಂದೆ ಹಳ್ಳಿಯ ಪೋಲೀಸು. ಚಿತ್ರ ಬರೆಯಬಾರದೆಂದು ಸರಕಾರ ಒಬ್ಬ ಕಲಾವಿದನಿಗೆ ವಿಧಿಸಿದ ಆಜ್ಞೆಯನ್ನು ಚಾಚೂತಪ್ಪದೆ ನಡೆಸುವವನು. ಆ ಕಲಾವಿದನಾದರೋ ಅವನ ಹಳೆಯ ಗೆಳೆಯ. ಇಬ್ಬರ ನಡುವೆ ನಿಂತ ಮಗು ಎಲ್ಲವನ್ನೂ ಕಂಡಿದೆ. ಕಂಡ ವಯಸ್ಸು ಬೇರೆ, ಬರೆಯುವ ವಯಸ್ಸು ಬೇರೆ. ಮಗುವಿನ ಕಣ್ಣು ಕಂಡದ್ದನ್ನು ಯುವಕನ ಬುದ್ಧಿ ಆಮೇಲೆ ಅರ್ಥಮಾಡಿಕೊಳ್ಳುತ್ತದೆ. ಈ ಎರಡರ ಅಂತರದಲ್ಲೇ ಕಾದಂಬರಿ ನಡೆಯುತ್ತದೆ. ವಿಧೇಯತೆಯೊಂದೇ ಸದ್ಗುಣವಾದರೆ ಅದು ಎಲ್ಲಿಗೆ ಒಯ್ಯುತ್ತದೆಂಬುದನ್ನು ಉಪದೇಶವಿಲ್ಲದೆ ತೋರಿಸಿದ ಈ ಕೃತಿಯನ್ನು ಗುರುಶಿಷ್ಯರಿಬ್ಬರೂ ಓದಬೇಕು.

ಊವೆ ಯೋನ್‌ಸೊನ್‌ನ ಮೊದಲ ಪ್ರಕಟಿತ ಕಾದಂಬರಿ 1959ರಲ್ಲಿ ಬಂತು. ಯಾಕೋಬ್ ಎಂಬವನನ್ನು ಕುರಿತ ಊಹೆಗಳು ಎಂಬುದೇ ಅದರ ಶೀರ್ಷಿಕೆಯ ಅರ್ಥ. ಪೂರ್ವ ಜರ್ಮನಿಯ ರೈಲು ಇಲಾಖೆಯ ಈ ನೌಕರನು ಮಂಜು ಕವಿದ ಹೊತ್ತಿನಲ್ಲಿ ಹಳಿ ದಾಟುವಾಗ ಸಾಯುತ್ತಾನೆ. ಅದು ಆಕಸ್ಮಿಕವೋ, ಆತ್ಮಹತ್ಯೆಯೋ, ಕೊಲೆಯೋ? ಅವನನ್ನು ಬಲ್ಲವರು ಮಾತನಾಡುತ್ತಾರೆ, ತಮ್ಮಲ್ಲೇ ಯೋಚಿಸುತ್ತಾರೆ. ಕೊನೆಗೂ ನಿಶ್ಚಯ ದೊರೆಯುವುದಿಲ್ಲ. ಎರಡಾಗಿ ಒಡೆದ ದೇಶದಲ್ಲಿ ಒಬ್ಬ ಮನುಷ್ಯನ ಸತ್ಯವು ಅನುಮಾನಕ್ಕೆ ಮಾತ್ರ ಎಟುಕುತ್ತದೆ, ಅದೂ ಪೂರ್ಣವಾಗಿ ಅಲ್ಲ ಎಂಬುದೇ ಅದರ ತಾತ್ಪರ್ಯ.

1972ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಹೈನ್‌ರಿಷ್ ಬೋಲ್‌ನು 1971ರ ತನ್ನ ಕಾದಂಬರಿಯಲ್ಲಿ ಶಬ್ದಪ್ರಮಾಣವನ್ನು ಪರೀಕ್ಷಿಸುತ್ತಾನೆ. ಲೇನಿ ಎಂಬ ಹೆಣ್ಣುಮಗಳ ಜೀವನವನ್ನು ನಿರೂಪಕನೊಬ್ಬ ಹತ್ತಾರು ಜನರನ್ನು ವಿಚಾರಿಸಿ ಜೋಡಿಸುತ್ತಾನೆ. ಯುದ್ಧಕಾಲದಲ್ಲಿ ಆಕೆ ಶವಸಂಸ್ಕಾರದ ಹೂವಿನ ಚಕ್ರ ಕಟ್ಟುವ ತೋಟದಲ್ಲಿ ಕೆಲಸಕ್ಕಿದ್ದಾಗ ರಷ್ಯದ ಸೆರೆಯಾಳು ಒಬ್ಬನಿಗೆ ತನ್ನ ಕಾಫಿಯ ಬಟ್ಟಲನ್ನು ಕೊಡುತ್ತಾಳೆ. ಯುದ್ಧದಲ್ಲಿ ಕಾಲು ಕಳೆದುಕೊಂಡ ಕೆಲಸಗಾರನೊಬ್ಬ ಅದನ್ನು ಬಡಿದು ಬೀಳಿಸುತ್ತಾನೆ. ಆಕೆ ಬಟ್ಟಲನ್ನು ಎತ್ತಿ, ತೊಳೆದು, ಮತ್ತೆ ತುಂಬಿ ಅವನಿಗೇ ಕೊಡುತ್ತಾಳೆ. ನಡೆದದ್ದು ಇಷ್ಟೇ. ಆದರೆ ಅಂದು ಅಲ್ಲಿದ್ದವರನ್ನು ಹುಡುಕಿ ಒಬ್ಬೊಬ್ಬರ ಹೇಳಿಕೆಯನ್ನೂ ನಿರೂಪಕ ಬರೆದುಕೊಳ್ಳುತ್ತಾನೆ. ಒಂದು ಬಟ್ಟಲು ಕೈಬದಲಾಗುವುದರಲ್ಲಿ ಎಷ್ಟು ದೊಡ್ಡ ಸಂಗತಿ ಅಡಗಿರಬಹುದೆಂಬುದನ್ನು, ಬೇರೆ ಬಟ್ಟಲು ಬೇರೆ ಪಂಕ್ತಿಗಳನ್ನು ಕಂಡ ನಮ್ಮ ನಾಡಿನವರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಕನ್ನಡದ ಕಣ್ಣು

ಕನ್ನಡದಲ್ಲಿ ಕಾರಣ ಬೇರೆ. ಇಲ್ಲಿ ಸೋತ ಸೈನ್ಯವಿರಲಿಲ್ಲ, ಸ್ವಾತಂತ್ರ್ಯ ಬಂದಿತ್ತು. ಆದರೆ ಎಲ್ಲರನ್ನೂ ಬಲ್ಲೆನೆಂದು ಮಾತನಾಡುವ ನಿರೂಪಕನು ಊರಿನ ಯಾವ ಓಣಿಯಲ್ಲಿ ಕುಳಿತು ಮಾತನಾಡುತ್ತಿದ್ದಾನೆಂಬ ಪ್ರಶ್ನೆ ಕ್ರಮೇಣ ಎದ್ದಿತು. ವಿದ್ಯಾವಂತನ ಕಣ್ಣಿಗೆ ಕಾಣದ ಮನುಷ್ಯರು ಊರಿನ ತುಂಬ ಇದ್ದರು. ಆದುದರಿಂದ ಕನ್ನಡ ಕಾದಂಬರಿಯ ಪ್ರಮಾಣವಿಚಾರವು ಬಹುಮಟ್ಟಿಗೆ ಜಾತಿ, ವಿದ್ಯೆ, ಅಧಿಕಾರಗಳ ವಿಚಾರವೇ ಆಯಿತು.

1967ರಲ್ಲಿ ಬಂದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಈ ದಿಕ್ಕಿನಲ್ಲಿ ದೊಡ್ಡ ಹೆಜ್ಜೆ. ಅಲ್ಲಿ ಕಥೆ ಒಬ್ಬ ನಾಯಕನ ಬೆನ್ನು ಹತ್ತುವುದಿಲ್ಲ. ಹೆಗ್ಗಡೆಗಳ ಮನೆಯಿಂದ ಹೊಲೆಗೇರಿಗೂ, ಅಲ್ಲಿಂದ ಕಾಡಿನ ದಾರಿಗೂ ನೋಟ ಹರಿಯುತ್ತದೆ; ಗುತ್ತಿಯ ನಾಯಿ ಹುಲಿಯನಿಗೂ ಮನುಷ್ಯರಿಗೆ ಸಲ್ಲುವ ಗಮನವೇ ಸಲ್ಲುತ್ತದೆ. ನಿರೂಪಕನು ಸರ್ವಜ್ಞನೇ ಹೌದು. ಆದರೆ ಅವನ ಸರ್ವಜ್ಞತೆ ಎಲ್ಲರಿಗೂ ಸಮನಾಗಿ ಹಂಚಿಹೋಗಿದೆ.

ಪ್ರತ್ಯಕ್ಷದ ವಿಚಾರಕ್ಕೆ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಉತ್ತಮ ಉದಾಹರಣೆ. ಮಂದಣ್ಣನು ಊರಿನವರ ಲೆಕ್ಕದಲ್ಲಿ ಕೆಲಸಕ್ಕೆ ಬಾರದ ಹುಡುಗ. ಕಥೆ ಹೇಳುವ ವಿದ್ಯಾವಂತ ಕೃಷಿಕನಿಗೂ ಮೊದಮೊದಲು ಅವನು ಹಾಗೆಯೇ ಕಾಣುತ್ತಾನೆ. ವಿಜ್ಞಾನಿ ಕರ್ವಾಲೊ ಮಾತ್ರ ಅವನಲ್ಲಿ ಹುಟ್ಟು ನಿಸರ್ಗಶಾಸ್ತ್ರಜ್ಞನನ್ನು ಗುರುತಿಸುತ್ತಾರೆ. ಹಾರುವ ಓತಿಯನ್ನು ಕಂಡವನು ಪದವೀಧರನಲ್ಲ, ಮಂದಣ್ಣ. ಓದುಗರು ಓತಿಯನ್ನು ಹುಡುಕುತ್ತ ಕಾಡು ಹತ್ತುವಾಗ ನಿರೂಪಕನ ಕಣ್ಣಿನ ಪೊರೆಯೂ ನಿಧಾನವಾಗಿ ಕಳಚುತ್ತದೆ. ಕಣ್ಣೆದುರಿಗಿದ್ದ ಮನುಷ್ಯನನ್ನು ತಪ್ಪಾಗಿ ಕಂಡವನ ಬಾಯಿಂದಲೇ ಕಥೆ ಹೇಳಿಸಿದ್ದು ಇಲ್ಲಿಯ ತಂತ್ರ. ಹಗ್ಗವನ್ನು ಹಾವೆಂದು ಕಂಡವನೇ ಹಗ್ಗವನ್ನು ಗುರುತಿಸಬೇಕಾಗುತ್ತದೆ.

ಅನುಮಾನಕ್ಕೆ ಯಶವಂತ ಚಿತ್ತಾಲರ ‘ಶಿಕಾರಿ’ (1979)ಯನ್ನು ನೋಡಬಹುದು. ಮುಂಬಯಿಯ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿರುವ ನಾಗಪ್ಪನಿಗೆ ಕೆಲಸದಿಂದ ತಾತ್ಕಾಲಿಕವಾಗಿ ದೂರವಿಟ್ಟ ಪತ್ರ ಬರುತ್ತದೆ. ಆಪಾದನೆ ಏನೆಂಬುದು ಸ್ಪಷ್ಟವಿಲ್ಲ. ಅಂದಿನಿಂದ ಪ್ರತಿಯೊಂದು ದೂರವಾಣಿ ಕರೆಯೂ ಪ್ರತಿಯೊಬ್ಬರ ಮುಗುಳ್ನಗೆಯೂ ಅವನಿಗೆ ಹೊಗೆಯಾಗಿ ತೋರುತ್ತದೆ; ಅವನು ಬೆಂಕಿಯನ್ನು ಹುಡುಕುತ್ತಾನೆ. ಕನ್ನಡದಲ್ಲಿ ಅನುಮಾನವೆಂಬ ಮಾತಿಗೆ ತರ್ಕದ ಅರ್ಥವೂ ಸಂಶಯದ ಅರ್ಥವೂ ಇವೆ. ಕಾದಂಬರಿ ಇವೆರಡರ ನಡುವೆಯೇ ತೂಗುತ್ತದೆ. ಓದುಗನು ನಾಗಪ್ಪನ ಮನಸ್ಸಿನೊಳಗೇ ಇರಬೇಕಾದ್ದರಿಂದ ಯಾವುದು ನಿಜವಾದ ಸಂಚು, ಯಾವುದು ಬರಿಯ ಶಂಕೆ ಎಂದು ಹೊರಗೆ ನಿಂತು ತೀರ್ಮಾನಿಸುವ ಸೌಲಭ್ಯ ಅವನಿಗೆ ದೊರೆಯುವುದಿಲ್ಲ. ಯಾಕೋಬನ ಸಾವನ್ನು ಮುಸುಕಿದ ಮಂಜಿಗೂ ಈ ಮಹಾನಗರದ ಮುಸುಕಿಗೂ ದೂರದ ನಂಟುಂಟು.

ಶಬ್ದಕ್ಕೆ ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ (1968) ಸಾಕ್ಷಿ. ಎಳೆಯ ವಯಸ್ಸಿನಲ್ಲೇ ವಿಧವೆಯಾಗಿ ಬಹುಕಾಲ ಮಾತೇ ಆಡದೆ ಬಾಳಿದ ಅಜ್ಜಿ ಹಳೆಯ ವಸ್ತುವೊಂದನ್ನು ಮುಟ್ಟಿದಾಗ ಅದರ ಹಿಂದಿನ ಕಾಲ ಅವಳ ಕಣ್ಣಿಗೆ ಕಟ್ಟುತ್ತದೆ. ಅದನ್ನು ಕೇಳಿ ನಮಗೆ ಹೇಳುವವನು ಮೊಮ್ಮಗ ಸುಬ್ಬರಾಯ. ಕಾರಂತರು ಅಜ್ಜಿಯನ್ನೇ ನೇರವಾಗಿ ನಿರೂಪಕಿಯಾಗಿ ಮಾಡಲಿಲ್ಲ. ಕೇಳುವ, ಅನುಮಾನಿಸುವ, ಮತ್ತೆ ಪ್ರಶ್ನಿಸುವ ಮೊಮ್ಮಗನನ್ನು ನಡುವೆ ಇಟ್ಟರು. ಅಜ್ಜಿಯ ಮಾತು ಆಪ್ತವಾಕ್ಯವಾಗುವುದು ಅವಳು ಹಿರಿಯಳಾದ್ದರಿಂದಲ್ಲ, ಪ್ರಶ್ನೆಯನ್ನು ಅವಳು ತಡೆದುಕೊಳ್ಳುತ್ತಾಳಾದ್ದರಿಂದ.

ದೇವನೂರ ಮಹಾದೇವರ ‘ಕುಸುಮಬಾಲೆ’ (1988) ಇನ್ನೂ ಮುಂದೆ ಹೋಗುತ್ತದೆ. ಅಲ್ಲಿ ಒಬ್ಬ ನಿರೂಪಕನ ಶಿಷ್ಟಗನ್ನಡವಿಲ್ಲ. ನಂಜನಗೂಡು ಸೀಮೆಯ ನುಡಿಯೇ ಕಥೆ ಹೇಳುತ್ತದೆ. ರಾತ್ರಿ ಮನೆಮನೆಯ ದೀಪಗಳ ಜೋತಮ್ಮಗಳು ಕೂಡಿ ತಾವು ಕಂಡದ್ದನ್ನು ಮಾತಾಡಿಕೊಳ್ಳುತ್ತವೆ. ಹಗಲಿನ ಊರು ಮುಚ್ಚಿಟ್ಟದ್ದನ್ನು ಕಾಣಲು ದೀಪದ ಕಣ್ಣೇ ಬೇಕಾಯಿತು. ಮೇಲ್ನೋಟಕ್ಕೆ ಇದು ವಾಸ್ತವಕ್ಕೆ ದೂರವೆನಿಸಬಹುದು. ಆದರೆ ಸಾಕ್ಷಿ ಹೇಳುವ ಧೈರ್ಯ ಯಾರಿಗೂ ಇಲ್ಲದ ಊರಿನಲ್ಲಿ ದೀಪವು ಸಾಕ್ಷಿಯಾಗುವುದಕ್ಕಿಂತ ವಾಸ್ತವವಾದ ಸಂಗತಿ ಬೇರೊಂದಿಲ್ಲ. ಈ ಕೃತಿಗೆ 1990ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಕಲಬುರಗಿ ಸೀಮೆಯ ಮಾತು

ಈ ವಿಚಾರ ದೂರದ್ದೆಂದು ಕಲಬುರಗಿ ಜಿಲ್ಲೆಯ ವಿದ್ಯಾರ್ಥಿಗಳು ಭಾವಿಸಬೇಕಾಗಿಲ್ಲ. ಸಾವಳಗಿಯಲ್ಲಿ 1942ರಲ್ಲಿ ಹುಟ್ಟಿ, ಬಡತನದಲ್ಲಿ ಬೆಳೆದು, ಕಲಬುರಗಿಯಲ್ಲಿ ಅಧ್ಯಾಪಕಿಯಾಗಿದ್ದ ಗೀತಾ ನಾಗಭೂಷಣ ಅವರು ತಮ್ಮ ‘ಬದುಕು’ ಕಾದಂಬರಿಯಲ್ಲಿ ಈ ಸೀಮೆಯ ದುಡಿಯುವ ಜನರನ್ನು, ವಿಶೇಷವಾಗಿ ಹೆಣ್ಣುಮಕ್ಕಳನ್ನು, ಅವರ ಆಡುಮಾತಿನಲ್ಲೇ ಕಂಡರಿಸಿದರು. ಅದಕ್ಕೆ 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ಕನ್ನಡದ ಲೇಖಕಿಯೊಬ್ಬರಿಗೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. 2010ರ ಗದಗಿನ ಸಾಹಿತ್ಯ ಸಮ್ಮೇಳನಕ್ಕೂ ಅವರು ಅಧ್ಯಕ್ಷರಾಗಿದ್ದರು, 2020ರಲ್ಲಿ ತೀರಿಕೊಂಡರು. ಪಾಠಶಾಲೆಯಲ್ಲಿ ಅಶುದ್ಧವೆಂದು ತಿದ್ದುವ ಮಾತೇ ಆ ಕಾದಂಬರಿಯಲ್ಲಿ ಪ್ರಮಾಣವಾಗಿ ನಿಂತಿದೆ. ವ್ಯಾಕರಣವನ್ನು ಕಲಿಯಬಾರದೆಂದು ಇದರ ಅರ್ಥವಲ್ಲ. ಬಿಸಿಲಿನಲ್ಲಿ ಕಳೆ ಕೀಳುವವಳ ಅನುಭವವನ್ನು ಅವಳದಲ್ಲದ ಮಾತಿಗೆ ಹೊರಳಿಸಿದೊಡನೆ ನೋಡುವ ಕಣ್ಣೂ ಬದಲಾಗುತ್ತದೆಂಬ ಎಚ್ಚರ ಇರಬೇಕೆಂದಷ್ಟೇ.

ಇನ್ನೊಂದು ಸಂಗತಿಯಿದೆ. 1948ರಲ್ಲಿ ಈ ಸೀಮೆ ಹೈದರಾಬಾದ್ ಸಂಸ್ಥಾನದಲ್ಲಿತ್ತು. ರಜಾಕಾರರ ಹಾವಳಿಯಲ್ಲಿ ಹಳ್ಳಿಗಳು ನರಳಿದವು. ಬೀದರ್ ಸೀಮೆಯ ಗೋರ್ಟಾ ಗ್ರಾಮದಲ್ಲಿ ಆ ವರ್ಷ ಹತ್ಯಾಕಾಂಡವೇ ನಡೆಯಿತು. ಸೆಪ್ಟೆಂಬರ್ ತಿಂಗಳ ಪೋಲೀಸ್ ಕಾರ್ಯಾಚರಣೆಯ ಮೂಲಕ ಸಂಸ್ಥಾನ ಭಾರತಕ್ಕೆ ಸೇರಿತು. ಆ ಹೊತ್ತಿನಲ್ಲಿ ಮತ್ತು ಅನಂತರ ಅನೇಕ ಕಡೆ ನಿರಪರಾಧಿ ಮುಸ್ಲಿಂ ಕುಟುಂಬಗಳೂ ಹಿಂಸೆಗೆ ಗುರಿಯಾದವು. ಪಂಡಿತ ಸುಂದರಲಾಲ್ ಅವರ ಸಮಿತಿ ಅದನ್ನು ವಿಚಾರಿಸಿ ಸರಕಾರಕ್ಕೆ ವರದಿ ಕೊಟ್ಟಿತ್ತು. ಆ ವರದಿ ದಶಕಗಳ ಕಾಲ ಸಾರ್ವಜನಿಕರ ಕೈಗೆ ಬರಲಿಲ್ಲ. ಒಂದೇ ಊರಿನ ಎರಡು ಮನೆಗಳಲ್ಲಿ ಒಂದೇ ವರ್ಷದ ನೆನಪು ಎರಡು ಬಗೆಯಾಗಿದೆ. ಒಂದು ಮನೆಯ ಕಣ್ಣಿನಿಂದ ಮಾತ್ರ ಬರೆದ ಕಥೆ ಎಷ್ಟು ವಿವರವಾಗಿದ್ದರೂ ವಾಸ್ತವವಾಗದು.

ಸಾಕ್ಷಿಯ ಪರೀಕ್ಷೆ ಎಷ್ಟು ಕಾಲದ ಮೇಲೂ ನಡೆಯುತ್ತಿರಬೇಕೆಂಬುದಕ್ಕೆ ಲೆಂಟ್ಸ್‌ನ ಕಾದಂಬರಿಯೇ ಇನ್ನೊಂದು ಪಾಠವನ್ನು ಕೊಡುತ್ತದೆ. ಅದರ ಚಿತ್ರಕಾರನ ಪಾತ್ರಕ್ಕೆ ಎಮಿಲ್ ನೋಲ್ಡೆ ಎಂಬ ಕಲಾವಿದನ ಜೀವನ ಹಿನ್ನೆಲೆಯಾಗಿತ್ತು. ಸರಕಾರದಿಂದ ಕಿರುಕುಳಕ್ಕೆ ಒಳಗಾದವನಾದ್ದರಿಂದ ನೋಲ್ಡೆ ಅದರ ವಿರೋಧಿಯೇ ಇರಬೇಕೆಂದು ಓದುಗರು ಬಹುಕಾಲ ಬಗೆದಿದ್ದರು. ಆದರೆ ಅವನು ನಾಜೀ ಪಕ್ಷದ ಸದಸ್ಯನೂ ಬೆಂಬಲಿಗನೂ ಯಹೂದ್ಯದ್ವೇಷಿಯೂ ಆಗಿದ್ದನೆಂಬುದನ್ನು 2019ರಲ್ಲಿ ಬರ್ಲಿನ್‌ನಲ್ಲಿ ನಡೆದ ಪ್ರದರ್ಶನ ದಾಖಲೆಗಳೊಡನೆ ಜನರ ಮುಂದಿಟ್ಟಿತು. ದಂಡನೆಗೆ ಒಳಗಾದವನೆಲ್ಲ ನಿರ್ದೋಷಿಯೆಂಬ ಅನುಮಾನ ಧೂಳನ್ನು ಹೊಗೆಯೆಂದು ಬಗೆದಂತೆ ಆಯಿತು. ಕಾದಂಬರಿಯ ಬೆಲೆ ಇದರಿಂದ ಕುಗ್ಗಲಿಲ್ಲ. ಓದುಗನ ಹೊಣೆ ಮಾತ್ರ ಹೆಚ್ಚಿತು.

1948ರಲ್ಲಿ ಹತ್ತು ವರ್ಷದ ಮಕ್ಕಳಾಗಿದ್ದವರು ಇಂದು ಎಂಬತ್ತೈದನ್ನು ದಾಟಿದ್ದಾರೆ. ಅವರ ಸಂಖ್ಯೆ ದಿನದಿನಕ್ಕೆ ಕಡಿಮೆಯಾಗುತ್ತಿದೆ. ಪ್ರಬಂಧಕ್ಕೆ ವಿಷಯವಿಲ್ಲವೆನ್ನುವ ವಿದ್ಯಾರ್ಥಿಯು ಅಂಥ ಒಬ್ಬ ಅಜ್ಜನ ಅಥವಾ ಆಯಿಯ ಬಳಿ ಕುಳಿತು ಅವರ ಮಾತನ್ನು ಅವರ ನುಡಿಯಲ್ಲೇ ಬರೆದುಕೊಳ್ಳಲಿ. ಬರೆದ ಮೇಲೆ ಹಾಳೆಯ ಅಂಚಿನಲ್ಲಿ ಮೂರು ಗುರುತು ಹಾಕಲಿ: ಇದು ಅವರು ಕಣ್ಣಾರೆ ಕಂಡದ್ದು, ಇದು ಅವರು ಊಹಿಸಿದ್ದು, ಇದು ಅವರು ಇತರರಿಂದ ಕೇಳಿದ್ದು. ಆಮೇಲೆ ಅದೇ ಊರಿನ ಇನ್ನೊಂದು ಓಣಿಗೆ ಹೋಗಿ ಅದೇ ವರ್ಷವನ್ನು ಕುರಿತು ಮತ್ತೊಬ್ಬರನ್ನು ಕೇಳಲಿ. ಎರಡು ಬರಹಗಳೂ ಕೂಡದ ಜಾಗಗಳಲ್ಲಿ ಯಾವುದನ್ನೂ ಒರಸಿಹಾಕದೆ ಎರಡನ್ನೂ ಹಾಗೆಯೇ ಉಳಿಸಿಕೊಳ್ಳಲಿ. ಅವರಲ್ಲಿ ಯಾರೊಬ್ಬರೂ ಮುಂದೆ ಕಾದಂಬರಿಕಾರರಾಗದಿದ್ದರೂ ಚಿಂತೆಯಿಲ್ಲ. ಊರಿನ ನಿಜ ಒಂದು ಬಾಯಿಯ ಸ್ವತ್ತಾಗಿ ಉಳಿಯದಂತೆ ಅವರು ನೋಡಿಕೊಂಡಂತಾಗುತ್ತದೆ.